ಎರಡು ಮೀಟರ್ ಬ್ಯಾಂಡ್: ಮೈಸೂರು–ಮಂಡ್ಯ ಹ್ಯಾಮ್‌ಗಳಿಗೆ ಯಾವ ಫ್ರೀಕ್ವೆನ್ಸಿ ಯಾವ ಕೆಲಸಕ್ಕೆ?

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: “ಮೈಸೂರಿಂದ ಮಂಡ್ಯಕ್ಕೆ ಯಾವ ಫ್ರೀಕ್ವೆನ್ಸಿ ಚೆನ್ನಾಗಿ ಹೋಗುತ್ತೆ ಸಾರ್?” ಯಾವುದು ಹಾಕಿದರೂ ಅಷ್ಟೇ ದೂರ ಹೋಗುತ್ತದೆ. 144.100 ಮೆಗಾಹರ್ಟ್ಜ್‌ನ ಅಲೆ 2.08 ಮೀಟರ್ ಉದ್ದ, 145.900ರದ್ದು 2.05 ಮೀಟರ್. ಈ ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೆ ಗುಡ್ಡ ಪಕ್ಕಕ್ಕೆ ಸರಿಯುವುದಿಲ್ಲ, ತೆಂಗಿನ ತೋಟ ದಾರಿ ಬಿಡುವುದಿಲ್ಲ. ಆದರೂ ಆಯ್ಕೆಯಲ್ಲಿ ಸರಿ–ತಪ್ಪು ಇದ್ದೇ ಇದೆ. ಆ ನಂಬರಿನಲ್ಲಿ ಯಾರು ಕಿವಿಗೊಟ್ಟು ಕೂತಿದ್ದಾರೆ, ಯಾವ ಮೋಡ್‌ನಲ್ಲಿ (ಸಂಕೇತ ಕಳಿಸುವ ವಿಧಾನದಲ್ಲಿ) ಕೂತಿದ್ದಾರೆ, ಅಕ್ಕಪಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡಿ ಆರಿಸಬೇಕು. ದೂರದ ಲೆಕ್ಕ ಬೇರೆ. ಅದು ಆಂಟೆನಾದ ಎತ್ತರಕ್ಕೂ ನಡುವಿನ ನೆಲಕ್ಕೂ ಸೇರಿದ್ದು.

ಮೊದಲು ಬೇಲಿ ಎಲ್ಲಿದೆ ನೋಡಿಕೊಳ್ಳಿ. ಭಾರತದಲ್ಲಿ ಎರಡು ಮೀಟರ್ ಬ್ಯಾಂಡ್ ಎಂದರೆ 144ರಿಂದ 146 ಮೆಗಾಹರ್ಟ್ಜ್. ಅಮೆರಿಕದಲ್ಲಿ 148ರವರೆಗೂ ಇದೆ. ಅಲ್ಲಿನ ವಿಡಿಯೋ ನೋಡಿ 146.520 ಅನ್ನು ‘ಕಾಲಿಂಗ್ ಚಾನೆಲ್’ ಎಂದು ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ರೇಡಿಯೊಗೆ) ತುಂಬಿಕೊಂಡವರು ಇಲ್ಲಿ ಬ್ಯಾಂಡ್‌ನ ಹೊರಗೆ ಪಿಟಿಟಿ (ಮಾತಾಡುವಾಗಿನ ಗುಂಡಿ) ಒತ್ತುತ್ತಾರೆ. ಅಗ್ಗದ ಹ್ಯಾಂಡಿಗಳು 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡುತ್ತವೆ, ತಡೆಯುವುದಿಲ್ಲ. ತಡೆಯಬೇಕಾದವರು ನೀವು. ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಲ್ಲಿ ವಿಎಚ್‌ಎಫ್ (ಎರಡು ಮೀಟರ್ ಬ್ಯಾಂಡ್ ಇರುವ ಫ್ರೀಕ್ವೆನ್ಸಿ ವಲಯದ) ಮಿತಿಯನ್ನು 144–146ಕ್ಕೆ ಬಿಗಿಮಾಡುವ ಸೌಲಭ್ಯವಿದ್ದರೆ ಮೊದಲ ದಿನವೇ ಮಾಡಿಬಿಡಿ. ಪವರ್ ಎಷ್ಟು, ಯಾವ ಮೋಡ್‌ಗೆ ಅನುಮತಿ, ಕಾರಿನಿಂದಲೋ ಬೆಟ್ಟದಿಂದಲೋ ಪ್ರಸಾರ ಮಾಡಬಹುದೇ ಎಂಬುದು ನಿಮ್ಮ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಗೆಳೆಯರ ಮಾತಿಗಿಂತ ಆ ಹಾಳೆಯ ಮಾತು ದೊಡ್ಡದು.

ಬ್ಯಾಂಡ್‌ನ ಉದ್ದಕ್ಕೂ ಒಮ್ಮೆ

ಈ ಎರಡು ಮೆಗಾಹರ್ಟ್ಜ್ ಒಳಗಿನ ವಿಂಗಡಣೆ ಬಹುಪಾಲು ಹ್ಯಾಮ್‌ಗಳೇ ಮಾಡಿಕೊಂಡ ಒಪ್ಪಂದ. ಕೆಳಗಿನಿಂದ ಹೊರಟರೆ, 144.000ರಿಂದ ಹೆಚ್ಚುಕಡಿಮೆ 144.400ರವರೆಗೆ ಕ್ಷೀಣ ಸಂಕೇತಗಳ ಜಾಗ: ಮೋರ್ಸ್, ಎಸ್‌ಎಸ್‌ಬಿ (ಕಿರಿದಾದ ಜಾಗದಲ್ಲಿ ದನಿ ಕಳಿಸುವ ಮೋಡ್), ಚಂದ್ರನಿಗೆ ತಾಗಿಸಿ ಮರಳಿ ಪಡೆಯುವ ಸಂಪರ್ಕ, ಕಂಪ್ಯೂಟರ್ ಮೋಡ್‌ಗಳು. ಎಫ್‌ಟಿ8 ಎಂಬ ಕಂಪ್ಯೂಟರ್ ಮೋಡ್ ಮಾಡುವವರು 144.174ರಲ್ಲಿ ಸಿಗುತ್ತಾರೆ. ಎಸ್‌ಎಸ್‌ಬಿ ಕರೆಗೆ ಯುರೋಪ್ ಕಡೆ 144.300, ಅಮೆರಿಕದಲ್ಲಿ 144.200 ರೂಢಿ. ಈ ಭಾಗದಲ್ಲಿ ಎಫ್‌ಎಂ (ಹ್ಯಾಂಡಿಗಳ ಸಾಮಾನ್ಯ ಮಾತಿನ ಮೋಡ್) ಹಾಕಲೇಬಾರದು. ನಿಮ್ಮ ಹ್ಯಾಂಡಿಗೆ ‘ಖಾಲಿ’ ಎಂದು ಕೇಳಿಸುವ ಜಾಗದಲ್ಲಿ ಯಾರೋ ನೆಲಮಟ್ಟದ ಸದ್ದಿನೊಳಗೆ ಹುದುಗಿದ ಸಂಕೇತವನ್ನು ಹೆಕ್ಕುತ್ತಿರುತ್ತಾರೆ. ಎಫ್‌ಎಂ ರೇಡಿಯೊಗೆ ಅದು ಕೇಳುವುದೇ ಇಲ್ಲ.

ಅಲ್ಲಿಂದ ಮೇಲೆ 144.400–144.500 ಬೀಕನ್‌ಗಳದ್ದು (ದಾರಿ ತೆರೆದಿದೆಯೇ ಎಂದು ತಿಳಿಯಲು ಸಂಕೇತ ಕೊಡುತ್ತಿರುವ ಯಂತ್ರಗಳದ್ದು). ಎಪಿಆರ್‌ಎಸ್ ಎಂಬ ಸ್ಥಾನಸೂಚಕ ಡೇಟಾ ಯುರೋಪಿನಲ್ಲಿ 144.800, ಉತ್ತರ ಅಮೆರಿಕದಲ್ಲಿ 144.390. ಮಾತಿಗೆ ಇವೆರಡನ್ನೂ ಬಿಟ್ಟುಬಿಡುವುದು ಒಳ್ಳೆಯದು. 145.000ರಿಂದ 145.200ರ ಆಸುಪಾಸು ಹಲವೆಡೆ ರಿಪೀಟರ್‌ಗಳ (ಮಾತನ್ನು ಕೇಳಿ ಮತ್ತೆ ಪ್ರಸಾರ ಮಾಡುವ ಯಂತ್ರಗಳ) ಕಿವಿ ಇರುವ ಜಾಗ, 145.600ರಿಂದ 145.800 ಅವುಗಳ ಬಾಯಿ. ನಡುವೆ 145.200–145.600 ಎಫ್‌ಎಂ ಸಿಂಪ್ಲೆಕ್ಸ್‌ಗೆ (ರಿಪೀಟರ್ ಇಲ್ಲದ ನೇರ ಮಾತಿಗೆ) ಅನುಕೂಲ. 145.500 ಯುರೋಪ್, ಆಫ್ರಿಕಾ ಭಾಗದ ಎಫ್‌ಎಂ ಕರೆ ಫ್ರೀಕ್ವೆನ್ಸಿ. ಜಪಾನಿನಲ್ಲಿ ಅದೇ ಕೆಲಸಕ್ಕೆ 145.000. ಕೊನೆಯ 145.800–146.000 ಜಗತ್ತಿನಾದ್ಯಂತ ಉಪಗ್ರಹಗಳಿಗೆ ಮೀಸಲು. ಇಸ್ರೋ 2005ರ ಮೇ ತಿಂಗಳಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ ಕೂಡ ತನ್ನ ಇಳಿದನಿಯನ್ನು (ಭೂಮಿಗೆ ಕಳಿಸುವ ಸಂಕೇತವನ್ನು) ಇದೇ ಜಾಗದಲ್ಲಿ, 145.900ರ ಆಸುಪಾಸಿನಲ್ಲಿ ಕೊಡುತ್ತಿತ್ತು.

ಕರೆ ಫ್ರೀಕ್ವೆನ್ಸಿ ಎಂದರೆ ಊರ ಅರಳಿಕಟ್ಟೆ. ಅಲ್ಲಿ ಸಿಕ್ಕು, ಮಾತಾಡಿಸಿ, ಜೊತೆಗೂಡಿ ಬೇರೆ ಕಡೆ ಹೊರಡಬೇಕು. ಕಟ್ಟೆಯ ಮೇಲೇ ಸಂಸಾರ ಹೂಡಿದರೆ ಬೇರೆಯವರಿಗೆ ಜಾಗವಿಲ್ಲ. ಕರೆ ಸಿಕ್ಕ ಕೂಡಲೇ “ನಾಲ್ಕು ಐದು ಸೊನ್ನೆಗೆ ಬನ್ನಿ” ಎಂದು 145.450ಕ್ಕೆ ಸರಿಯುವ ಅಭ್ಯಾಸ ಒಳ್ಳೆಯದು.

ಸಿಂಪ್ಲೆಕ್ಸ್: ನೇರಾನೇರ ಮಾತು

ಒಂದೇ ಫ್ರೀಕ್ವೆನ್ಸಿಯಲ್ಲಿ ಕೇಳುವುದು, ಅದರಲ್ಲೇ ಮಾತಾಡುವುದು. ನಡುವೆ ಯಂತ್ರವಿಲ್ಲ, ಕರೆಂಟ್ ಹೋದರೂ ನಿಮ್ಮ ಬ್ಯಾಟರಿ ಇದ್ದರೆ ಸಾಕು. ಎಷ್ಟು ದೂರ ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ: ಆಂಟೆನಾ ಎತ್ತರದ (ಮೀಟರ್‌ಗಳಲ್ಲಿ) ವರ್ಗಮೂಲಕ್ಕೆ 4.12ರಿಂದ ಗುಣಿಸಿ. ಬರುವುದು ಕಿಲೋಮೀಟರ್‌ಗಳಲ್ಲಿ ರೇಡಿಯೊ ದಿಗಂತ. ಎರಡೂ ಕಡೆಯದನ್ನು ಕೂಡಿಸಿ.

ಕೈಯಲ್ಲಿ ಹಿಡಿದ ಹ್ಯಾಂಡಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 5 ಕಿಲೋಮೀಟರ್. ಹಾಗೆ ಇಬ್ಬರಿದ್ದರೆ 10. ಇದು ಬಟ್ಟಂಬಯಲಿನ ಲೆಕ್ಕ. ಮೈಸೂರಿನ ಬಡಾವಣೆಗಳ ನಡುವೆ, ಮನೆಗೋಡೆ ಮತ್ತು ಮರಗಳ ಮಧ್ಯೆ, ಹ್ಯಾಂಡಿಯ ಜೊತೆ ಬರುವ ಮೋಟು ರಬ್ಬರ್ ಡಕ್ ಆಂಟೆನಾದಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಸಮಾಧಾನಪಡಿ. ತಾರಸಿಯ ಮೇಲೆ ನೆಲದಿಂದ 10 ಮೀಟರ್‌ಗೆ ಆಂಟೆನಾ ಏರಿಸಿದರೆ ದಿಗಂತ 13 ಕಿಲೋಮೀಟರ್ ಆಗುತ್ತದೆ; ಅಂಥ ಎರಡು ಮನೆಗಳ ನಡುವೆ 26. ಕುವೆಂಪುನಗರದಿಂದ ಶ್ರೀರಂಗಪಟ್ಟಣಕ್ಕೆ ಇದು ಧಾರಾಳ ಸಾಕು. ಮಂಡ್ಯ ಮಾತ್ರ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್, ನೇರ ಗೆರೆಯಲ್ಲಿ 40ಕ್ಕೆ ಹತ್ತಿರ. ಲೆಕ್ಕದ ದಿಗಂತ ದಾಟಿದ ಮೇಲೂ ಸಂಕೇತ ಸ್ವಲ್ಪ ಬಾಗಿ, ಚದುರಿ ಮುಂದೆ ಹೋಗುತ್ತದೆ ನಿಜ; ಆದರೆ ಎಫ್‌ಎಂನಲ್ಲಿ ಅದು ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಸದ್ದು ಅಡಗಿಸುವ ಬಾಗಿಲು) ತೆರೆದು ಮುಚ್ಚುವ ಗೊರಗೊರ ಸದ್ದಾಗಿ ಕೇಳುವುದೇ ಹೆಚ್ಚು.

ಚಾಮುಂಡಿ ಬೆಟ್ಟದ ಲೆಕ್ಕವೇ ಬೇರೆ. ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಮೇಲಿರುವ ಅದು ಊರಿಗಿಂತ ಸುಮಾರು 300 ಮೀಟರ್ ಎತ್ತರ. ದಿಗಂತ 70 ಕಿಲೋಮೀಟರ್ ದಾಟುತ್ತದೆ. ಮಂಡ್ಯದ ನೆಲ ಮೈಸೂರಿಗಿಂತ ಇನ್ನೂ ತಗ್ಗು, ಸುಮಾರು 680 ಮೀಟರ್. ಹಾಗಾಗಿ ಬೆಟ್ಟದ ಮೇಲಿನ ಐದು ವ್ಯಾಟ್ ಹ್ಯಾಂಡಿಗೆ ಮಂಡ್ಯದ ತಾರಸಿ ಹೆಚ್ಚುಕಡಿಮೆ ಕಣ್ಣೆದುರಿನ ಜಾಗ. ಅಡೆತಡೆ ಇಲ್ಲದ ದಾರಿಯಲ್ಲಿ 40 ಕಿಲೋಮೀಟರ್‌ಗೆ 145 ಮೆಗಾಹರ್ಟ್ಜ್‌ನಲ್ಲಿ ಆಗುವ ನಷ್ಟ ಸುಮಾರು 108 ಡೆಸಿಬೆಲ್. ಐದು ವ್ಯಾಟ್ ಎಂದರೆ 37 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್). ಸಾಧಾರಣ ಆಂಟೆನಾ ಇದ್ದರೂ ತಲುಪುವುದು ಮೈನಸ್ 71 ಡಿಬಿಎಂ. ರೇಡಿಯೊಗೆ ಬೇಕಾಗಿರುವುದು ಮೈನಸ್ 120ರ ಹತ್ತಿರ. ಐವತ್ತು ಡೆಸಿಬೆಲ್ ಮಿಗುತ್ತದೆ! ಇದೇ ಐದು ವ್ಯಾಟನ್ನು ಬೆಟ್ಟದ ಬುಡದಲ್ಲಿ ನಿಂತು ನಂಜನಗೂಡಿನ ಕಡೆಗೆ ಕಳಿಸಿ ನೋಡಿ: ಬೆಟ್ಟದ ಉತ್ತರ ಮಗ್ಗುಲಿನ ಬಡಾವಣೆಗಳಿಂದ ದಕ್ಷಿಣಕ್ಕೆ ನೆರಳು ಬೀಳುತ್ತದೆ, ದೂರ ಕಡಿಮೆಯಿದ್ದರೂ ಮಾತು ಮುಳುಗುತ್ತದೆ. ಪವರ್ ಹೆಚ್ಚಿಸಿದರೆ? ಐದರಿಂದ ಐವತ್ತು ವ್ಯಾಟ್‌ಗೆ ಹೋದರೆ ಸಿಗುವುದು 10 ಡೆಸಿಬೆಲ್, ಸಂಕೇತದ ಬಲ ತೋರಿಸುವ ಮೀಟರಿನಲ್ಲಿ ಎರಡು ಎಸ್ ಯೂನಿಟ್ ಕೂಡ ಅಲ್ಲ. ಆ ದುಡ್ಡಿಗೆ ಜಿಐ ಪೈಪ್ ತಂದು ಆಂಟೆನಾ ಎತ್ತರಿಸುವುದು ಜಾಣತನ.

ಸಿಂಪ್ಲೆಕ್ಸ್ ನಂಬರು ಆರಿಸುವ ಬಗೆ ಹೀಗೆ. 145.225ರಿಂದ 145.575ರೊಳಗೆ, 25 ಕಿಲೋಹರ್ಟ್ಜ್ ಮೆಟ್ಟಿಲಲ್ಲಿ ಒಂದನ್ನು ಹಿಡಿಯಿರಿ. ಅದು ಊರಿನ ಯಾವುದೇ ರಿಪೀಟರ್‌ನ ಔಟ್‌ಪುಟ್ (ಬಾಯಿ) ಅಥವಾ ಇನ್‌ಪುಟ್ (ಕಿವಿ) ಅಲ್ಲ ಎಂದು ಸ್ಥಳೀಯ ಪಟ್ಟಿಯೊಂದಿಗೆ ತಾಳೆ ಹಾಕಿ. ಸ್ಕ್ವೆಲ್ಚ್ ಸೊನ್ನೆಗೆ ಇಳಿಸಿ, ಟೋನ್ ಡಿಕೋಡ್ (ನಿಗದಿತ ಟೋನ್ ಇಲ್ಲದ ಸಂಕೇತವನ್ನು ಕೇಳಿಸದಂತೆ ತಡೆಯುವ ಸೌಲಭ್ಯ) ಆಫ್ ಮಾಡಿ, ಎರಡು ನಿಮಿಷ ಕೇಳಿ. ಆಮೇಲೆ ಕಾಲ್‌ಸೈನ್ (ಲೈಸೆನ್ಸ್‌ನಲ್ಲಿ ಕೊಟ್ಟ ನಿಮ್ಮ ಗುರುತು) ಹೇಳಿ “ಫ್ರೀಕ್ವೆನ್ಸಿ ಬಳಕೆಯಲ್ಲಿದೆಯಾ?” ಎಂದು ಕೇಳಿ, ಉತ್ತರ ಬಾರದಿದ್ದರೆ ಶುರುಮಾಡಿ. ಟೋನ್ ಡಿಕೋಡ್ ಹಾಕಿಕೊಂಡೇ ‘ಯಾರೂ ಇಲ್ಲ’ ಎಂದು ತೀರ್ಮಾನಿಸುವುದು ಬಹಳ ಸಾಮಾನ್ಯವಾದ ಎಡವಟ್ಟು.

25 ಯಾಕೆ ಎಂದರೆ, ಅಗಲದ ಎಫ್‌ಎಂನಲ್ಲಿ ಡೀವಿಯೇಶನ್ (ಮಾತಿಗೆ ಫ್ರೀಕ್ವೆನ್ಸಿ ಆಚೀಚೆ ಸರಿಯುವ ಪ್ರಮಾಣ) ಪ್ಲಸ್–ಮೈನಸ್ 5 ಕಿಲೋಹರ್ಟ್ಜ್, ಮಾತಿನ ತುದಿ 3 ಕಿಲೋಹರ್ಟ್ಜ್. ಒಟ್ಟು ಹರಹು 16 ಕಿಲೋಹರ್ಟ್ಜ್. ಕಿರಿದಾದ ಎಫ್‌ಎಂನಲ್ಲಿ 11. 145.500ರಲ್ಲಿ ಒಂದು ಮಾತು ನಡೆಯುವಾಗ 145.510ಕ್ಕೆ ಹೋಗಿ ‘ಹತ್ತು ಬಿಟ್ಟು ಕೂತಿದ್ದೇವಲ್ಲ’ ಎನ್ನುವುದು ನಡೆಯುವುದಿಲ್ಲ, ಇಬ್ಬರದೂ ಕೆಡುತ್ತದೆ. ಎಲ್ಲರೂ ಕಿರಿದಾದ ಎಫ್‌ಎಂಗೆ ಒಪ್ಪಿದ ಗುಂಪಿನಲ್ಲಿ 12.5 ಕಿಲೋಹರ್ಟ್ಜ್ ಅಂತರ ಸಾಗುತ್ತದೆ. ಒಬ್ಬರು ಅಗಲ, ಒಬ್ಬರು ಕಿರಿದು ಇಟ್ಟರೆ ಗುರುತು ಸುಲಭ: ಕಿರಿದರಲ್ಲಿ ಕಳಿಸಿದವರ ದನಿ ಸಣ್ಣಗೆ ಕೇಳುತ್ತದೆ, ಅಗಲದಲ್ಲಿ ಕಳಿಸಿದವರದು ಕಿರಿದಾದ ರೇಡಿಯೊದಲ್ಲಿ ಒಡೆದು, ಜೋರು ಮಾತಿಗೆ ತುಂಡಾಗುತ್ತದೆ.

ರಿಪೀಟರ್

ಎತ್ತರದಲ್ಲಿ ಕೂತ ಯಂತ್ರವೊಂದು ನಿಮ್ಮ ಮಾತನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಹೇಳುತ್ತದೆ. ಎರಡು ಮೀಟರ್‌ನಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಜ್, ಹೆಚ್ಚಿನ ಕಡೆ ಮೈನಸ್. ಅಂದರೆ ಔಟ್‌ಪುಟ್ 145.700 ಇದ್ದರೆ ನೀವು ಪಿಟಿಟಿ ಒತ್ತಿದಾಗ ರೇಡಿಯೊ 145.100ರಲ್ಲಿ ಕಳಿಸಬೇಕು. ಇದರ ಜೊತೆ ಕಿವಿಗೆ ಕೇಳದಷ್ಟು ಕೆಳದನಿಯ ಟೋನ್ ಒಂದಿರಬಹುದು, 67.0ದಿಂದ 254.1 ಹರ್ಟ್ಜ್ ನಡುವಿನ ನಿಗದಿತ ಸಂಖ್ಯೆಗಳಲ್ಲಿ ಒಂದು. ಅದು ಸರಿಯಿಲ್ಲದಿದ್ದರೆ ರಿಪೀಟರ್ ಬಾಗಿಲು ತೆರೆಯುವುದಿಲ್ಲ.

ಬಾವೊಫೆಂಗ್ ಯುವಿ-5ಆರ್ ಹ್ಯಾಂಡಿಯಲ್ಲಿ ಕೈಯಿಂದಲೇ ಹಾಕುವುದಾದರೆ: ಫ್ರೀಕ್ವೆನ್ಸಿ ಮೋಡ್‌ನಲ್ಲಿ ಮೇಲಿನ ಸಾಲಿಗೆ ಔಟ್‌ಪುಟ್ ನಂಬರು ಒತ್ತಿ. ಮೆನು 26ರಲ್ಲಿ ಆಫ್‌ಸೆಟ್ 000.600, ಮೆನು 25ರಲ್ಲಿ ದಿಕ್ಕು ಮೈನಸ್, ಮೆನು 13ರಲ್ಲಿ ಕಳಿಸುವ ಟೋನ್. ಮೆನು 11 ಕೇಳುವ ಟೋನ್; ಅದನ್ನು ಆಫ್ ಇಡಿ. ಮೆನು 5 ಅಗಲ–ಕಿರಿದು. ಮೆನು 27ರಲ್ಲಿ ಖಾಲಿ ಮೆಮೊರಿಗೆ ಉಳಿಸಿ. ಆಮೇಲೆ ಸ್ಟಾರ್ ಕೀ ಒತ್ತಿ ಫ್ರೀಕ್ವೆನ್ಸಿ ತಿರುವುಮುರುವು ಮಾಡಿ, ಅದೇ ಮೆಮೊರಿ ಸಂಖ್ಯೆಗೆ ಮತ್ತೊಮ್ಮೆ ಉಳಿಸಿ. ಈ ಎರಡನೇ ಉಳಿಕೆ ಕಳಿಸುವ ಫ್ರೀಕ್ವೆನ್ಸಿಗೆ. ಅದನ್ನು ಮರೆತು ‘ರಿಪೀಟರ್ ಕೆಟ್ಟಿದೆ’ ಎನ್ನುವವರು ಬೇಕಾದಷ್ಟು ಜನ. ಮುಗಿದ ಮೇಲೆ ಪಿಟಿಟಿ ಒತ್ತಿದಾಗ ಪರದೆಯ ನಂಬರು 600 ಕಿಲೋಹರ್ಟ್ಜ್ ಇಳಿಯುತ್ತದೆಯೇ ನೋಡಿ. ಚಾನೆಲ್ ಹತ್ತು ದಾಟಿದರೆ ಕಂಪ್ಯೂಟರ್ ಮತ್ತು ಕೇಬಲ್ ಬಳಸುವುದೇ ಸುಖ.

ರಿಪೀಟರ್ ನಿಮಗೆ ಕೇಳಿಸುತ್ತಿದೆ, ಆದರೆ ಸ್ಪಂದಿಸುತ್ತಿಲ್ಲ ಎಂದರೆ ಟೋನ್ ಅಥವಾ ಶಿಫ್ಟ್ (ಆಫ್‌ಸೆಟ್, ದಿಕ್ಕು) ತಪ್ಪು. ಪಿಟಿಟಿ ಬಿಟ್ಟಾಗ ರಿಪೀಟರ್‌ನ ಬಾಲದನಿ (ಮಾತು ನಿಂತ ಮೇಲೂ ಕ್ಷಣ ಉಳಿಯುವ ಪ್ರಸಾರ) ಕೇಳುತ್ತದೆ, ಆದರೆ ಮಾತು ಸದ್ದಿನಲ್ಲಿ ಮುಳುಗಿದೆ ಎಂದು ಬೇರೆಯವರು ಹೇಳಿದರೆ ಸಂಕೇತ ಸಾಲದು. ನಾಲ್ಕು ಹೆಜ್ಜೆ ಸರಿದು ನಿಂತರೂ ಬದಲಾಗಬಹುದು, ಏಕೆಂದರೆ ಪ್ರತಿಫಲನಗಳ ಉಬ್ಬುತಗ್ಗು ಒಂದು ಮೀಟರ್ ಅಂತರದಲ್ಲೇ ಇರುತ್ತದೆ. ನಿಮ್ಮ ದನಿ ನಡುನಡುವೆ ಕತ್ತರಿಸಿದರೆ ಮೈಕಿಗೆ ಬಾಯಿ ತೀರಾ ಹತ್ತಿರ. ಎಲ್ಲರೂ ಮಾತಾಡುತ್ತಿದ್ದಾರೆ ಎಂದು ಫೋನ್‌ನಲ್ಲಿ ಗೊತ್ತಾಗಿ ನಿಮಗೆ ಮಾತ್ರ ಮೌನವಾದರೆ ಮೆನು 11 ತೆರೆದು ನೋಡಿ. ಉದ್ದ ಮಾತಿನ ನಡುವೆ ರಿಪೀಟರ್ ಹಠಾತ್ತಾಗಿ ಸುಮ್ಮನಾದರೆ ಅದು ಕೋಪವಲ್ಲ, ಟೈಮರ್. ಎರಡು ಮೂರು ನಿಮಿಷಕ್ಕೆ ಇಟ್ಟಿರುತ್ತಾರೆ. ಬಾಲದನಿ ಮುಗಿಯುವವರೆಗೆ ತಡೆದು ಮಾತಾಡಿದರೆ ಟೈಮರ್ ಹೊಸದಾಗಿ ಶುರುವಾಗುತ್ತದೆ, ಬೇರೆಯವರಿಗೆ ನುಗ್ಗಲು ಕಿಂಡಿಯೂ ಸಿಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ರಿಪೀಟರ್‌ನ ಇನ್‌ಪುಟ್ ನಿಮ್ಮ ಮನೆಯಲ್ಲಿ ಯಾವಾಗಲೂ ಖಾಲಿ ಇರುವಂತೆ ಕೇಳುತ್ತದೆ, ಯಾಕೆಂದರೆ ಅಲ್ಲಿ ಕಳಿಸುವ ದೂರದ ಹ್ಯಾಂಡಿಗಳು ಬೆಟ್ಟಕ್ಕೆ ಮುಟ್ಟುತ್ತವೆಯೇ ಹೊರತು ನಿಮಗಲ್ಲ. ಆ ‘ಖಾಲಿ’ ಜಾಗದಲ್ಲಿ ಇಬ್ಬರು ಸಿಂಪ್ಲೆಕ್ಸ್ ಹೂಡಿದರೆ ಇಡೀ ಜಿಲ್ಲೆಯ ರಿಪೀಟರ್ ಮೇಲೆ ಕೂತಂತೆ. ಟೋನ್ ಇಲ್ಲದ ಕಾರಣ ಬಾಗಿಲು ತೆರೆಯದಿರಬಹುದು, ಆದರೆ ಅದೇ ಹೊತ್ತಿಗೆ ಮಳವಳ್ಳಿಯಿಂದ ಬರುವ ಕ್ಷೀಣ ದನಿ ಅಡಿಯಲ್ಲಿ ಹೂತುಹೋಗುತ್ತದೆ. ಎಫ್‌ಎಂನಲ್ಲಿ ಜೋರಾದದ್ದು ಗೆಲ್ಲುತ್ತದೆ, ಇನ್ನೊಂದು ಮಾಯ. ಸಿಂಪ್ಲೆಕ್ಸ್ ನಂಬರು ಆರಿಸುವಾಗ ಇನ್‌ಪುಟ್ ಪಟ್ಟಿ ನೋಡಿ ಎಂದದ್ದು ಇದಕ್ಕೇ.

ಹಾಗಾದರೆ ಯಾವುದು? ಮಂಡ್ಯ–ಮೈಸೂರು ನಡುವೆ ದಿನನಿತ್ಯದ ಮಾತಿಗೆ, ಕೈಯಲ್ಲಿ ಹ್ಯಾಂಡಿ ಮಾತ್ರ ಇದ್ದರೆ, ರಿಪೀಟರ್ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಒಂದೇ ಬಡಾವಣೆಯ ಇಬ್ಬರು ಅರ್ಧ ಗಂಟೆ ರಿಪೀಟರ್ ಹಿಡಿದು ಕೂರುವುದು ಸೌಜನ್ಯವಲ್ಲ. ಔಟ್‌ಪುಟ್ ಕೇಳುತ್ತಾ ರಿವರ್ಸ್ ಕೀ ಒತ್ತಿ. ಎದುರಿನವರು ಇನ್‌ಪುಟ್‌ನಲ್ಲಿ ನೇರವಾಗಿ ಕೇಳಿಸಿದರೆ ಸಿಂಪ್ಲೆಕ್ಸ್‌ಗೆ ಸರಿಯಿರಿ. ರಿಪೀಟರ್‌ಗೆ ಕರೆಂಟ್, ಬ್ಯಾಟರಿ, ಸಿಡಿಲು ಈ ಮೂರರ ಕಾಟ ಸದಾ ಇರುತ್ತದೆ. ಗುಂಪು ಎಂದ ಮೇಲೆ ರಿಪೀಟರ್ ಬಿದ್ದಾಗ ಎಲ್ಲರೂ ಬಂದು ಸೇರುವ ಒಂದು ಸಿಂಪ್ಲೆಕ್ಸ್ ನಂಬರು ಮೊದಲೇ ಒಪ್ಪಿರಬೇಕು. ಕೆಲವು ಗುಂಪುಗಳು ಔಟ್‌ಪುಟ್ ಫ್ರೀಕ್ವೆನ್ಸಿಯನ್ನೇ ಸಿಂಪ್ಲೆಕ್ಸ್ ಆಗಿ ಬಳಸುತ್ತವೆ: ಎಲ್ಲರೂ ಕೇಳುತ್ತಿರುವುದು ಅದನ್ನೇ ಆದ್ದರಿಂದ ಯಾರನ್ನೂ ಹುಡುಕಬೇಕಿಲ್ಲ. ಆದರೆ ರಿಪೀಟರ್ ಮರಳಿ ಎದ್ದರೆ ಗೊಂದಲ. ಬೇರೆ ನಂಬರೇ ವಾಸಿ.

ದಸರಾ ಮೆರವಣಿಗೆಯಂಥ ದಿನಕ್ಕೆ ಯೋಜನೆ ಮಾಡುವವರು ಗಮನಿಸಬೇಕಾದ್ದು ಒಂದಿದೆ. ಅರಮನೆಯಿಂದ ಬನ್ನಿಮಂಟಪ ಸುಮಾರು 5 ಕಿಲೋಮೀಟರ್. ಜನರ ನಡುವೆ, ಎದೆಯ ಹತ್ತಿರ ಹಿಡಿದ ಎರಡು ಹ್ಯಾಂಡಿಗಳಿಗೆ ಅಷ್ಟು ದೂರ ಭರವಸೆಯಿಲ್ಲ. ಮನುಷ್ಯನ ಮೈ ಎರಡು ಮೀಟರ್ ಅಲೆಯನ್ನು ಚೆನ್ನಾಗಿಯೇ ನುಂಗುತ್ತದೆ. ದಾರಿಯ ಮಧ್ಯದ ಒಂದು ಎತ್ತರದ ತಾರಸಿಯಲ್ಲಿ ನೆಟ್ ಕಂಟ್ರೋಲ್ (ಎಲ್ಲರ ಮಾತನ್ನು ಸರದಿಯಲ್ಲಿ ನಡೆಸುವವರನ್ನು) ಕೂರಿಸಿ, ಅಲ್ಲಿಗೆ ಸರಿಯಾದ ಆಂಟೆನಾ ಕೊಟ್ಟರೆ ಸಿಂಪ್ಲೆಕ್ಸ್ ಒಂದರಲ್ಲೇ ಎಲ್ಲ ನಡೆಯುತ್ತದೆ, ರಿಪೀಟರ್ ಮಿಕ್ಕವರಿಗೆ ಉಳಿಯುತ್ತದೆ. ಹ್ಯಾಮ್ ಲೈಸೆನ್ಸ್‌ನಲ್ಲಿ ವ್ಯಾಪಾರದ ಕೆಲಸ ಮಾಡುವಂತಿಲ್ಲ ಎಂಬುದು ನೆನಪಿರಲಿ. ಇವೆಂಟ್ ಕಂಪನಿಯ ವಾಕಿಟಾಕಿ ನೀವಲ್ಲ.

ಎಸ್‌ಎಸ್‌ಬಿ ಮತ್ತು ಎಫ್‌ಟಿ8: ರಿಪೀಟರ್ ಇಲ್ಲದೆ ಬೆಂಗಳೂರು ದಾಟಬೇಕೆಂದರೆ

ಎಫ್‌ಎಂ 16 ಕಿಲೋಹರ್ಟ್ಜ್ ಹರಡಿಕೊಳ್ಳುತ್ತದೆ, ಎಸ್‌ಎಸ್‌ಬಿ ಎರಡೂವರೆಯಲ್ಲಿ ಮುಗಿಸುತ್ತದೆ. ಕಿಟಕಿ ಕಿರಿದಾದಷ್ಟೂ ಒಳಬರುವ ಸದ್ದು ಕಡಿಮೆ. ಈ ಒಂದರಿಂದಲೇ 8 ಡೆಸಿಬೆಲ್ ಲಾಭ. ಮೇಲಾಗಿ ಎಫ್‌ಎಂ ಒಂದು ಮಟ್ಟಕ್ಕಿಂತ ಕೆಳಗೆ ಹಠಾತ್ತಾಗಿ ಕುಸಿಯುತ್ತದೆ, ಎಸ್‌ಎಸ್‌ಬಿ ಸದ್ದಿನ ಜೊತೆ ಮೆಲ್ಲಗೆ ಸವೆಯುತ್ತಾ ಕೊನೆಯ ಪದದವರೆಗೂ ಅರ್ಥ ಉಳಿಸುತ್ತದೆ. ಮಂಡ್ಯದಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್, ನಡುವೆ ರಾಮನಗರದ ಬಂಡೆಗುಡ್ಡಗಳು. ಈ ದಾರಿಯಲ್ಲಿ ತಾರಸಿಯಿಂದ ತಾರಸಿಗೆ ಎಫ್‌ಎಂ ನಂಬಿಕೊಂಡರೆ ನಿರಾಶೆಯೇ ಗತಿ. ಎರಡೂ ಕಡೆ ಯಾಗಿ (ಒಂದೇ ದಿಕ್ಕಿಗೆ ಬಲ ಕೊಡುವ) ಆಂಟೆನಾ ಇಟ್ಟುಕೊಂಡು ಎಸ್‌ಎಸ್‌ಬಿ ಪ್ರಯತ್ನಿಸುವುದಕ್ಕೆ ಅರ್ಥವಿದೆ, ಅದರಲ್ಲೂ ಚಳಿಗಾಲದ ಬೆಳಗಿನ ಹೊತ್ತು. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ ಕೂತಾಗ ಅಲೆ ಕೆಳಕ್ಕೆ ಬಾಗಿ ದಿಗಂತ ದಾಟುತ್ತದೆ. ಬಿಸಿಲೇರಿ ಪದರ ಕಲಸಿಹೋದರೆ ಮುಗಿಯಿತು.

ಒಂದು ಎಚ್ಚರಿಕೆ: ಎಫ್‌ಎಂನವರು ಆಂಟೆನಾ ನೆಟ್ಟಗೆ ನಿಲ್ಲಿಸುತ್ತಾರೆ, ಎಸ್‌ಎಸ್‌ಬಿಯವರು ಅಡ್ಡ ಮಲಗಿಸುತ್ತಾರೆ. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಅಡ್ಡ ಇದ್ದರೆ 20 ಡೆಸಿಬೆಲ್‌ನಷ್ಟು ಕಳೆದುಕೊಳ್ಳಬಹುದು. ಎಸ್‌ಎಸ್‌ಬಿಯಿಂದ ಬಂದ ಲಾಭವೆಲ್ಲ ಅಲ್ಲೇ ಮುಳುಗುತ್ತದೆ. ಎಫ್‌ಟಿ8 ಇನ್ನೂ ಆಳಕ್ಕೆ ಇಳಿಯುತ್ತದೆ, 2,500 ಹರ್ಟ್ಜ್ ಸದ್ದಿಗೆ ಹೋಲಿಸಿದರೆ ಮೈನಸ್ 20 ಡೆಸಿಬೆಲ್‌ವರೆಗೂ ಬಿಡಿಸಿಕೊಳ್ಳುತ್ತದೆ. ಆದರೆ ಅದು 15 ಸೆಕೆಂಡಿನ ಸರದಿಯ ಆಟ. ಕಂಪ್ಯೂಟರ್ ಗಡಿಯಾರ ಎರಡು ಮೂರು ಸೆಕೆಂಡ್ ತಪ್ಪಿದರೂ ಪರದೆ ಖಾಲಿ. ಹರಟೆಗೆ ಅಲ್ಲ, ದಾರಿ ತೆರೆದಿದೆಯೇ ಎಂದು ಪರೀಕ್ಷಿಸಲು ಅದು ಒಳ್ಳೆಯದು. ಈ ವಿಭಾಗಕ್ಕೆ ಎಲ್ಲ ಮೋಡ್ ಇರುವ ರಿಗ್ (ರೇಡಿಯೊ ಯಂತ್ರ) ಬೇಕು. ಅಗ್ಗದ ಹ್ಯಾಂಡಿಯವರು ಇಲ್ಲಿಗೆ ಬರುವುದೇ ಬೇಡ.

145.800ರ ಮೇಲೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800ರಲ್ಲಿ ಕೇಳಿಸುತ್ತದೆ. ಶಾಲಾ ಮಕ್ಕಳ ಜೊತೆಗಿನ ಮಾತು, ಆಗಾಗ್ಗೆ ಎಸ್‌ಎಸ್‌ಟಿವಿ (ಸದ್ದಿನ ರೂಪದಲ್ಲಿ ಕಳಿಸುವ) ಚಿತ್ರಗಳು. ಕೇಳುವುದಕ್ಕೆ ಹ್ಯಾಂಡಿ ಸಾಕು. ಒಂದು ಹಾದುಹೋಗುವಿಕೆ ಹೆಚ್ಚೆಂದರೆ ಹತ್ತು ನಿಮಿಷ. ಡಾಪ್ಲರ್‌ನಿಂದ (ವೇಗದಿಂದಾಗುವ ಫ್ರೀಕ್ವೆನ್ಸಿ ಬದಲಾವಣೆಯಿಂದ) ನಿಲ್ದಾಣ ಬರುವಾಗ ಸುಮಾರು 3.5 ಕಿಲೋಹರ್ಟ್ಜ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ಅಗಲದ ಎಫ್‌ಎಂನಲ್ಲಿ ಇಟ್ಟರೆ ನಂಬರು ತಿರುಗಿಸದೆಯೂ ಸಾಗುತ್ತದೆ. ಕಿರಿದರಲ್ಲಿ ಆರಂಭ ಮತ್ತು ಕೊನೆ ಒಡೆಯುತ್ತದೆ. ಚಿತ್ರಕ್ಕೆ ಫೋನಿನಲ್ಲಿ ರೋಬಾಟ್36 ಆ್ಯಪ್, ಮೋಡ್ ಹೆಚ್ಚಾಗಿ ಪಿಡಿ120, ಒಂದು ಚಿತ್ರಕ್ಕೆ ಎರಡು ನಿಮಿಷ. ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟೆಪಟ್ಟೆ ಬೀಳುತ್ತದೆ. 145.800ರಲ್ಲಿ ಯಾವತ್ತೂ ಮಾತಾಡಬೇಡಿ, ಅದು ನಿಲ್ದಾಣದಿಂದ ನೆಲಕ್ಕೆ ಬರುವ ಇಳಿದಾರಿ. ಪ್ಯಾಕೆಟ್ ಡೇಟಾಗೆ 145.825. ನಿಲ್ದಾಣದ ರಿಪೀಟರ್ ಚಾಲೂ ಇದ್ದಾಗ 145.990ರಲ್ಲಿ 67.0 ಟೋನ್ ಜೊತೆ ಕಳಿಸಿ 437.800ರಲ್ಲಿ ಕೇಳಬಹುದು.

2002ರಲ್ಲಿ ಹಾರಿದ ಎಸ್‌ಓ-50 ಉಪಗ್ರಹಕ್ಕೆ ಏರುದಾರಿ 145.850, ಟೋನ್ 67.0, ಇಳಿದಾರಿ 436.795. ಅದು ಮಲಗಿದ್ದರೆ 74.4 ಟೋನ್‌ನಲ್ಲಿ ಒಂದೆರಡು ಸೆಕೆಂಡ್ ಒತ್ತಿ ಎಬ್ಬಿಸಬೇಕು, ಹತ್ತು ನಿಮಿಷ ಎಚ್ಚರವಿರುತ್ತದೆ. ಇಳಿದಾರಿಯಲ್ಲಿ ಡಾಪ್ಲರ್ 10 ಕಿಲೋಹರ್ಟ್ಜ್‌ವರೆಗೆ ಇರುವುದರಿಂದ 436.805ರಿಂದ 436.785ರವರೆಗೆ ಐದೈದರ ಐದು ಮೆಮೊರಿ ಮಾಡಿಕೊಳ್ಳಿ. ಯಾವ ಉಪಗ್ರಹ ಇವತ್ತು ಚಾಲೂ ಇದೆ ಎಂದು ಮೊದಲು ನೋಡಿಕೊಂಡು ತಾರಸಿ ಹತ್ತಿ. ರಬ್ಬರ್ ಡಕ್‌ನಲ್ಲಿ ಇದು ಬಹುತೇಕ ಆಗದ ಕೆಲಸ, ಕೈಯಲ್ಲಿ ಹಿಡಿಯುವ ಸಣ್ಣ ಯಾಗಿ ಬೇಕು.

ಆಂಟೆನಾ, ಕೇಬಲ್, ಮತ್ತು ಕಿವುಡಾದ ರೇಡಿಯೊ

ಯಾವ ನಂಬರು ಆರಿಸಿದರೂ ಈ ಭಾಗ ತಪ್ಪಿಸಲಾಗದು. ಕ್ವಾರ್ಟರ್ ವೇವ್ (ಕಾಲು ಅಲೆಯುದ್ದದ) ಗ್ರೌಂಡ್ ಪ್ಲೇನ್ ಆಂಟೆನಾ ಮನೆಯಲ್ಲೇ ಮಾಡಬಹುದು: ನಾಲ್ಕು ತೂತಿನ ಎಸ್‌ಓ-239 ಕನೆಕ್ಟರ್ ಒಂದು, 3 ಮಿಲಿಮೀಟರ್ ತಾಮ್ರ ಅಥವಾ ಹಿತ್ತಾಳೆ ಕಡ್ಡಿ ಎರಡೂಮುಕ್ಕಾಲು ಮೀಟರ್, ಎಂ3 ಸ್ಕ್ರೂ–ನಟ್ ನಾಲ್ಕು ಜೊತೆ. ನಡುವಿನ ಪಿನ್‌ಗೆ ಬೆಸೆಯುವ ನೆಟ್ಟನೆಯ ಕಡ್ಡಿ 49 ಸೆಂಟಿಮೀಟರ್. ಕೆಳಗಿನ ನಾಲ್ಕು ಕಡ್ಡಿಗಳು ತಲಾ 52 ಸೆಂಟಿಮೀಟರ್, 45 ಡಿಗ್ರಿ ಕೆಳಕ್ಕೆ ಬಾಗಿಸಿ; ಹಾಗೆ ಬಾಗಿಸಿದಾಗಲೇ ಇಂಪೀಡೆನ್ಸ್ 50 ಓಮ್ ಹತ್ತಿರ ಬರುವುದು, ಸಪಾಟಾಗಿ ಬಿಟ್ಟರೆ 35ರ ಆಸುಪಾಸಿಗೆ ಇಳಿಯುತ್ತದೆ. ನಡುಕಡ್ಡಿಯನ್ನು ಒಂದು ಸೆಂಟಿಮೀಟರ್ ಉದ್ದ ಬಿಟ್ಟು, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ಮರಳುತ್ತಿದೆ ಎಂಬುದರ ಅಳತೆ) ನೋಡುತ್ತಾ ಎರಡೆರಡು ಮಿಲಿಮೀಟರ್ ಕತ್ತರಿಸಿ 145.0ಕ್ಕೆ ಕೂರಿಸಿದರೆ 144ರಿಂದ 146 ಪೂರ್ತಿ ಸಿಗುತ್ತದೆ.

ಕೇಬಲ್‌ನಲ್ಲಿ ಜಿಪುಣತನ ಬೇಡ. ತೆಳು ಆರ್‌ಜಿ-58 ಈ ಬ್ಯಾಂಡ್‌ನಲ್ಲಿ 100 ಮೀಟರ್‌ಗೆ ಸುಮಾರು 20 ಡೆಸಿಬೆಲ್ ತಿನ್ನುತ್ತದೆ. ತಾರಸಿಯಿಂದ ಕೋಣೆಗೆ 15 ಮೀಟರ್ ಎಂದರೆ 3 ಡೆಸಿಬೆಲ್: ಅರ್ಧ ಪವರ್ ಕೇಬಲ್ ಬಿಸಿಮಾಡುವುದಕ್ಕೇ ಹೋಯಿತು, ಕೇಳುವಾಗಲೂ ಅಷ್ಟೇ ನಷ್ಟ. ಆರ್‌ಜಿ-213ರಲ್ಲಿ ಅದೇ ಉದ್ದಕ್ಕೆ 1.3 ಡೆಸಿಬೆಲ್.

ಹೊಸ ಆಂಟೆನಾ ಏರಿಸಿದ ಮೇಲೆ ಮೊದಲಿಗಿಂತ ಕಡಿಮೆ ಕೇಳಿಸಿದರೆ ಆಂಟೆನಾವನ್ನು ಬಯ್ಯುವ ಮುಂಚೆ ಎಫ್‌ಎಂ ಪ್ರಸಾರ ಕೇಂದ್ರಗಳ ಕಡೆ ನೋಡಿ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಖಾಸಗಿಯಾಗಿ ‘ಆಕಾಶವಾಣಿ’ ನಡೆಸಿದ ಊರು ಮೈಸೂರು. ಇಂದು ಊರೊಳಗೇ ಹಲವು ಎಫ್‌ಎಂ ಟವರ್‌ಗಳಿವೆ. 88–108ರ ಆ ಜೋರು ಸಂಕೇತ ಅಗ್ಗದ ಹ್ಯಾಂಡಿಯ ಒಂದೇ ಚಿಪ್‌ನ ರಿಸೀವರ್ ಒಳಗೆ ನುಗ್ಗಿ ಅದನ್ನು ಕಿವುಡಾಗಿಸುತ್ತದೆ. ಪರೀಕ್ಷೆ ಸರಳ: ರಬ್ಬರ್ ಡಕ್‌ನಲ್ಲಿ ಕೇಳುವ ರಿಪೀಟರ್ ತಾರಸಿ ಆಂಟೆನಾದಲ್ಲಿ ಮಾಯವಾದರೆ ಇದೇ ಕಾರಣ. 88–108 ತಡೆಯುವ ಫಿಲ್ಟರ್ ಒಂದನ್ನು ಕೇಬಲ್ ನಡುವೆ ಹಾಕಿ. ಕೇಳುವುದಕ್ಕಷ್ಟೇ ಮಾಡಿದ ಫಿಲ್ಟರ್ ಮೂಲಕ ಪ್ರಸಾರ ಮಾಡಿದರೆ ಅದು ಸುಟ್ಟುಹೋಗುತ್ತದೆ, ಎಷ್ಟು ವ್ಯಾಟ್ ತಡೆಯುತ್ತದೆ ಎಂದು ನೋಡಿ ಕೊಳ್ಳಿ. ಅದಕ್ಕಿಂತ ಕಾರಿಗೆ ಹಾಕುವಂಥ ಮೊಬೈಲ್ ರಿಗ್ ಒಂದನ್ನು ಮನೆಯಲ್ಲಿಡುವುದು ಇನ್ನೂ ಒಳ್ಳೆಯ ಪರಿಹಾರ.

ಮಳೆಗಾಲ ಮುಗಿದ ಮೇಲೆ ಕೇಬಲ್ ಪರೀಕ್ಷಿಸುವಾಗ ಎಸ್‌ಡಬ್ಲ್ಯುಆರ್ ಮೀಟರ್ ಒಂದನ್ನೇ ನಂಬಬೇಡಿ. ನೀರು ಕುಡಿದ ಕೇಬಲ್ ಪವರನ್ನು ಹೋಗುವಾಗಲೂ ನುಂಗಿ, ಮರಳಿ ಬರುವುದನ್ನೂ ನುಂಗಿ, ಮೀಟರಿನಲ್ಲಿ 1.1 ಎಂದು ಚೆಂದದ ಅಂಕಿ ತೋರಿಸುತ್ತದೆ. ಆಂಟೆನಾ ತುದಿ ಬಿಚ್ಚಿ ಹಾಗೇ ಖಾಲಿ ಬಿಟ್ಟು, ಕೋಣೆಯ ತುದಿಯಿಂದ ನ್ಯಾನೋವಿಎನ್‌ಎ ಎಂಬ ಅಳತೆಯ ಉಪಕರಣದಲ್ಲಿ 145 ಮೆಗಾಹರ್ಟ್ಜ್‌ಗೆ ರಿಟರ್ನ್ ಲಾಸ್ (ಹೋಗಿ ಮರಳಿ ಬರುವಾಗಿನ ಒಟ್ಟು ನಷ್ಟ) ಅಳೆಯಿರಿ. ಅದರ ಅರ್ಧ ಕೇಬಲ್‌ನ ಒಂದು ದಾರಿಯ ನಷ್ಟ. ರೇಡಿಯೊ ಜೋಡಿಸಿ ಪಿಟಿಟಿ ಒತ್ತಿ ಈ ಪರೀಕ್ಷೆ ಮಾಡಬೇಡಿ. 15 ಮೀಟರ್ ಆರ್‌ಜಿ-213 ಸರಿಯಿದ್ದರೆ ರಿಟರ್ನ್ ಲಾಸ್ 2.6 ಡೆಸಿಬೆಲ್ ಹತ್ತಿರ, ಎಸ್‌ಡಬ್ಲ್ಯುಆರ್ ಆರಕ್ಕಿಂತ ಮೇಲೆ ಇರಬೇಕು. ಎಸ್‌ಡಬ್ಲ್ಯುಆರ್ ಮೂರು ತೋರಿಸಿದರೆ ರಿಟರ್ನ್ ಲಾಸ್ 6, ನಷ್ಟ 3 ಡೆಸಿಬೆಲ್ ಎಂದರ್ಥ. ಕನೆಕ್ಟರ್ ಬಿಚ್ಚಿ ಕೇಬಲ್‌ನೊಳಗಿನ ತಾಮ್ರದ ಹೆಣಿಗೆಯ ಬಣ್ಣ ನೋಡಿ. ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಬನ್ನಿ. ಒಂದು ಮೀಟರ್ ಕತ್ತರಿಸಿದರೂ ಕಪ್ಪೇ ಕಂಡರೆ ಹೊಸ ಕೇಬಲ್ ತನ್ನಿ. ಈ ಸಲ ಕನೆಕ್ಟರ್ ಮೇಲೆ ಸ್ವಯಂ ಬೆಸೆಯುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಸಾಧಾರಣ ಇನ್ಸುಲೇಶನ್ ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿ. ಮನೆಯೊಳಗೆ ಬರುವ ಮೊದಲು ಕೇಬಲ್‌ಗೆ ಒಂದು ಇಳಿಜಾರು ಕುಣಿಕೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.